ಆಗುಂಬೆಯದಲ್ಲದ ಗೌರಿ ಹೂ

ಜುಲೈ ಕೊನೆಯ ಒಂದು ರಾತ್ರಿ, ಪುಷ್ಯ ಮಳೆ ಹಂಚಿನ ಮೇಲೆ ಒಂದೇ ಸಮ ಹೊಯ್ಯುತ್ತಿದ್ದಾಗ, ನಮ್ಮ ಬಿಎಸ್ಸಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಕಂದು ತಿರುಗಿದ ದಪ್ಪ ಹಾಳೆ, ಅದರ ಮೇಲೆ ಹೊಲಿದು ಕೂರಿಸಿದ ಒಣಗಿದ ಬಳ್ಳಿ, ಬಲಗಡೆ ಕೆಳಮೂಲೆಯಲ್ಲಿ ಒಂದು ಲೇಬಲ್ಲು. ಓದಿದ ಕಾಲೇಜಿನಲ್ಲಿ ಈಗ ಸಸ್ಯಶಾಸ್ತ್ರ ಪಾಠ ಮಾಡುವ ಒಬ್ಬ ಮೇಡಂ ಹರ್ಬೇರಿಯಂ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದ, ಹಳೆಯ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿಸುತ್ತಿದ್ದಾರಂತೆ. ಹೆಸರಿಲ್ಲದ ಹಾಳೆಗಳು ಯಾರವು ಅಂತ ಹಳೆಯ ವಿದ್ಯಾರ್ಥಿಗಳನ್ನು ಕೇಳುತ್ತಿದ್ದಾರಂತೆ. ಐದೇ ನಿಮಿಷದಲ್ಲಿ ಗುಂಪಿನಲ್ಲಿ ತೀರ್ಪು ಬಂತು: "ಆ ಜಿ ಅಕ್ಷರದ ಬಾಲ ನೋಡ್ರೋ, ಇವನದೇ." ನನ್ನ ಕೈಬರಹ ನನಗೆ ಅದಕ್ಕೂ ಮೊದಲೇ ಗೊತ್ತಾಗಿತ್ತು. ಗ್ಲೋರಿಯೋಸಾ ಸುಪರ್ಬಾ, ಅಂದರೆ ನಮ್ಮ ಗೌರಿ ಹೂ. ಸ್ಥಳ: ಆಗುಂಬೆ ಘಾಟಿ, ಐದನೇ ತಿರುವು. ಆವಾಸ: ರಸ್ತೆ ಬದಿಯ ಪೊದೆ. ತಾರೀಕು: 4-8-1996.

ಆ ಲೇಬಲ್ಲಿನಲ್ಲಿ ಗಿಡದ ಹೆಸರೊಂದು ಬಿಟ್ಟು ಮಿಕ್ಕಿದ್ದೆಲ್ಲ ಸುಳ್ಳು.

ಗುಂಪಿನಲ್ಲಿ ನಗುವ ಮುಖಗಳು ಸಾಲುಗಟ್ಟಿ ಬರುತ್ತಿದ್ದವು. ನಾನೂ ಒಂದು ನಗುಮುಖ ಹಾಕಿ ಮಲಗಿದೆ. ನಿದ್ದೆ ಮಾತ್ರ ಹತ್ತಲಿಲ್ಲ. ನಾನು ಬ್ಯಾಂಕಿನವನು. ಮೂವತ್ತು ವರ್ಷದ ಹತ್ತಿರ ಹತ್ತಿರ ಜನರ ಕಾಗದದಲ್ಲಿ ಸಹಿ, ತಾರೀಕು, ಸ್ಥಳ ಮೂರೂ ತಾಳೆಯಾಗುತ್ತದೋ ಇಲ್ಲವೋ ಅಂತ ನೋಡುವುದೇ ನನ್ನ ಅನ್ನ. ಅಡಿಕೆ ತೋಟದ ಸಾಲಕ್ಕೆ ಬಂದವರು ಪಹಣಿಯಲ್ಲಿ ಒಂದು ಸರ್ವೆ ನಂಬರ್ ತಪ್ಪಿದ್ದರೂ ವಾಪಸು ಕಳಿಸಿದ್ದೇನೆ. ಅಂಥವನ ಕೈಬರಹದಲ್ಲಿ ಇಂಥದೊಂದು ದಾಖಲೆ ಕಬ್ಬಿಣದ ಕಪಾಟಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಇಷ್ಟು ವರ್ಷ ಮಲಗಿತ್ತು.

ಬುಟ್ಟಿಯ ಹೂ

ನಡೆದದ್ದು ಇಷ್ಟು. ಆ ವರ್ಷ ಆಗಸ್ಟ್ ಮೊದಲ ಭಾನುವಾರ ನಮ್ಮನ್ನು ಆಗುಂಬೆಗೆ ಗಿಡ ಸಂಗ್ರಹಕ್ಕೆ ಕರೆದುಕೊಂಡು ಹೋಗಿದ್ದರು. ಆಗುಂಬೆಗೆ, ಆಗಸ್ಟಿನಲ್ಲಿ! ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಊರಿಗೆ ಹಳೇ ಪೇಪರ್ ಕಟ್ಟು ಹಿಡಿದು ಹೊರಟ ನಮ್ಮ ಬುದ್ಧಿಗೆ ಏನು ಹೇಳುವುದು. ಬಸ್ಸಿನಿಂದ ಇಳಿದವರು ಇಬ್ಬರೋ ಮೂವರೋ. ಉಳಿದವರು ಗಾಜಿನ ಮೇಲೆ ಹಬೆ ಒರೆಸುತ್ತ, ಅಂತ್ಯಾಕ್ಷರಿ ಹಾಡುತ್ತ ಕೂತೆವು. ಸೂರ್ಯಾಸ್ತದ ಕಟ್ಟೆಯಲ್ಲಿ ಮೋಡ ಬಿಟ್ಟು ಏನೂ ಕಾಣಲಿಲ್ಲ. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಒಂದನ್ನೂ ನಾನು ಅವತ್ತು ಕಾಲಲ್ಲಿ ಮೆಟ್ಟಲಿಲ್ಲ. ಸಂಗ್ರಹ ಸೊನ್ನೆ.

ಆದರೆ ಇಪ್ಪತ್ತೈದು ಹಾಳೆ ಒಪ್ಪಿಸಬೇಕಿತ್ತು. ಅದೂ ದೂರದ, ಕಾಡಿನ ಗಿಡಗಳಾದರೆ ಅಂಕ ಜಾಸ್ತಿ ಅನ್ನುವ ನಂಬಿಕೆ ನಮ್ಮಲ್ಲಿತ್ತು. ಮೇಷ್ಟ್ರು ಹಾಗೆ ಹೇಳಿದ್ದರೋ, ಹಿಂದಿನ ಬ್ಯಾಚಿನವರು ಹಬ್ಬಿಸಿದ್ದೋ ಈಗ ನೆನಪಿಲ್ಲ. ತುಂಬೆ, ಮುಟ್ಟಿದರೆ ಮುನಿ, ಗರಿಕೆ, ಅತ್ತೆ ಮನೆಯ ದಾಸವಾಳ ಹೀಗೆ ಇಪ್ಪತ್ತನಾಲ್ಕು ತುಂಬಿಸಿಕೊಂಡಿದ್ದೆ. ಇಪ್ಪತ್ತೈದನೆಯದು ಭಾರಿಯಾಗಿರಲಿ ಅಂತ ಆಸೆ.

ಗೌರಿ ಹಬ್ಬದ ಹಿಂದಿನ ಸಂಜೆ ಅತ್ತೆ ನನ್ನನ್ನು ಶಿವಮೊಗ್ಗದ ಗಾಂಧಿ ಬಜಾರಿಗೆ ಹೂವು, ಬಾಳೆಕಂಬ ತರಲು ಕಳಿಸಿದರು. ನಾನು ಆಗ ದುರ್ಗಿಗುಡಿಯಲ್ಲಿ ಅತ್ತೆ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಸೇವಂತಿಗೆ ಮಾರು ಹಾಕುವವರ ಸಾಲು ಮುಗಿದ ಕಡೆ, ಚರಂಡಿ ಕಲ್ಲಿನ ಮೇಲೆ ಗೋಣಿ ಹಾಸಿಕೊಂಡು ಒಬ್ಬ ಅಜ್ಜಿ ಕೂತಿದ್ದರು. ಮುಂದೆ ಬಿದಿರಿನ ಬುಟ್ಟಿ, ತಲೆಗೆ ಗೊಬ್ಬರದ ಚೀಲದ ಕೊಪ್ಪೆ. ಬುಟ್ಟಿಯಲ್ಲಿ ಕೆಸುವಿನ ಎಲೆ ಹಾಸಿ ಅದರ ಮೇಲೆ ಗೌರಿ ಹೂ. ಆ ಹೂವನ್ನು ನೋಡಿದವರಿಗೆ ವರ್ಣಿಸಬೇಕಿಲ್ಲ: ತಲೆ ಕೆಳಗೆ ಹಾಕಿ ಜೋತುಬಿದ್ದು, ಆರು ಎಸಳನ್ನೂ ಹಿಂದಕ್ಕೆ ಮಡಚಿ ಮೇಲಕ್ಕೆತ್ತಿಕೊಂಡಿರುತ್ತದೆ, ಅಂಚು ಅಲೆ ಅಲೆ. ಇವತ್ತು ಅರಳಿದ್ದರ ಬುಡ ಹಳದಿ, ತುದಿ ಕೆಂಪು. ನಾಲ್ಕು ದಿನದ್ದು ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಹಸಿರು ಮೊಗ್ಗಿನಿಂದ ರಕ್ತಗೆಂಪಿನವರೆಗೆ ಎಲ್ಲ ಇರುತ್ತದೆ. ಅಗ್ನಿಶಿಖೆ ಅಂತ ಹೆಸರಿಟ್ಟವರು ಸುಮ್ಮನೆ ಇಡಲಿಲ್ಲ.

ಅಜ್ಜಿ ಎರಡೆರಡು ಟೊಂಗೆ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿ ಕಟ್ಟಿ ಇಡುತ್ತಿದ್ದರು. ನಾನು ಒಂದು ಕಟ್ಟು ಪೂಜೆಗೆ, ಒಂದು ಕಟ್ಟು ಹರ್ಬೇರಿಯಮ್ಮಿಗೆ ತಗೊಂಡೆ. ಗಿಡವನ್ನು ಬುಡ ಸಮೇತ ಒಣಗಿಸಬೇಕು ಅಂತ ಪಾಠ ಆಗಿತ್ತಲ್ಲ, ಅದಕ್ಕೇ ಕೇಳಿದೆ, "ಅಜ್ಜೀ, ಗೆಡ್ಡೆ ಸಮೇತ ಒಂದಿದ್ರೆ ಕೊಡ್ತೀರಾ?"

ಅವರು ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಗೆಡ್ಡೆ ಯಾಕಪ್ಪ ನಿಂಗೆ? ವಿಷ ಅದು. ಗೆಡ್ಡೆ ಕಿತ್ಕಂಡ್ ಬಂದ್ರೆ ಬರೋ ವರ್ಷ ಗೌರಮ್ಮಂಗೆ ಏನ್ ಇಡ್ತಾರೆ?" ಆಮೇಲೆ ತಮ್ಮಷ್ಟಕ್ಕೇ ಮಾತಾಡಿಕೊಳ್ಳುವ ಹಾಗೆ ಅಂದರು: "ಈ ಸಲ ಅಧಿಕ ಬಂದು ಹಬ್ಬ ಹಿಂದೆ ಬಿತ್ತು. ಮಘೆ ಮಳೇಲೇ ಬಿಟ್ಬಿಟ್ಟಿದ್ವು ಹೂವು. ಮಂಡಗದ್ದೆ ಕಡೆ ನಮ್ ಗದ್ದೆ ಬೇಲೀಲೆಲ್ಲ ಮುಗೀತಾ ಬಂತು. ನೆಳ್ಳಾಗಿದ್ದವಷ್ಟೇ ಉಳಿದಿದ್ದು, ಅವನ್ನೇ ಕುಯ್ಕಂಡ್ ಬಂದೆ."

ನಾನು ದುಡ್ಡು ಕೊಟ್ಟು ಬಂದೆ. ಹೆಸರು ಕೇಳುವುದು ಹಾಗಿರಲಿ, ಹೇಳಿದ್ದನ್ನು ಕಿವಿ ಮೇಲೂ ಹಾಕಿಕೊಳ್ಳಲಿಲ್ಲ ಅಂತಲೇ ಅಂದುಕೊಂಡಿದ್ದೆ. ಆದರೆ ಆ ಫೋಟೊ ನೋಡಿದ ರಾತ್ರಿ ಅಷ್ಟೂ ಮಾತು ಧ್ವನಿ ಸಮೇತ ವಾಪಸು ಬಂತು. ಬೇಡದ್ದೆಲ್ಲ ಇಟ್ಟುಕೊಂಡಿರುತ್ತದೆ ತಲೆ.

ಒಣಗಿಸುವುದು ಇನ್ನೊಂದು ರಾಮಾಯಣ. ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ಚಡ್ಡಿ ಒಣಗುವುದಿಲ್ಲ, ಹೂ ಒಣಗುತ್ತದೆಯೇ? ಎರಡು ಪ್ಲೈವುಡ್ ಹಲಗೆ, ನಡುವೆ ಪೇಪರ್, ಸುತ್ತ ಮಾವನ ಹಳೇ ಬೆಲ್ಟು, ಇದು ನನ್ನ ಪ್ರೆಸ್ಸು. ಅದನ್ನು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ, ಅತ್ತೆಯ ಹಲಸಿನ ಹಪ್ಪಳದ ಡಬ್ಬಿಗಳ ಪಕ್ಕ ಇಟ್ಟು ದಿನಾ ಪೇಪರ್ ಬದಲಿಸುತ್ತಿದ್ದೆ. "ವಿಷದ ಬಳ್ಳಿ ತಂದು ಹಪ್ಪಳದ ಹತ್ರ ಇಡ್ತೀಯಲ್ಲೋ ಮಾರಾಯ" ಅಂತ ಅತ್ತೆ ದಿನಾ ಒಂದು ಸಲ ಹೇಳುವರು. ಐದನೇ ದಿನಕ್ಕೆ ಕೆಂಪು ಹೋಗಿ ಕಾಫಿ ಚೆಲ್ಲಿದ ಬಣ್ಣ ಉಳಿಯಿತು. ಬಳ್ಳಿಗಳ ಪೈಕಿ ಇದರ ಬೆಡಗೇ ಎಲೆಯ ತುದಿ: ತುದಿಯೇ ಎಳೆಯಾಗಿ, ಸುರುಳಿಯಾಗಿ ಪಕ್ಕದ್ದನ್ನು ಹಿಡಿದುಕೊಂಡು ಹತ್ತುತ್ತದೆ. ಆ ಸುರುಳಿಗಳು ಮಾತ್ರ ಒಣಗಿದ ಮೇಲೂ ಹಾಗೇ ಇದ್ದವು.

ಆಮೇಲೆ ಕೂತು ಲೇಬಲ್ ಬರೆದೆ. ಬಸ್ಸಿನಿಂದ ಇಳಿಯದ ಆ ಭಾನುವಾರ ನೆನಪಾಯಿತು. ಐದನೇ ತಿರುವು ಅಂತ ಯಾಕೆ ಬರೆದೆನೋ. ಮೂರು ಅಂದರೆ ಸುಳ್ಳು ಅನ್ನಿಸುತ್ತದೆ, ಐದು ಅಂದರೆ ಎಣಿಸಿದ ಹಾಗಿರುತ್ತದೆ ಅನ್ನುವ ಲೆಕ್ಕ ಇದ್ದಿರಬೇಕು. ಸುಳ್ಳು ಯಾವಾಗಲೂ ನಿಜಕ್ಕಿಂತ ಜಾಸ್ತಿ ವಿವರ ಕೊಡುತ್ತದೆ ಅಂತ ಆಮೇಲೆ ಬ್ಯಾಂಕಿನಲ್ಲಿ ಕಲಿತೆ.

ಎಂಟು ದಿನ, ನಲವತ್ತು ದಿನ

ಹಳೇ ಗಿಡ ಒಣಗಿಸಿಟ್ಟುಕೊಂಡು ಯಾರಿಗೇನು ಪ್ರಯೋಜನ ಅಂತ ನನಗೂ ಆಗ ಅನ್ನಿಸಿತ್ತು. ಫೋಟೊ ಬಂದ ಮೇಲೆ ರಾತ್ರಿಗಳಲ್ಲಿ ಕೂತು ಓದಿದೆ. ಪ್ರಪಂಚದಲ್ಲಿ ಸುಮಾರು 3,500 ಹರ್ಬೇರಿಯಂಗಳಿವೆ, ಒಟ್ಟು ಹಾಳೆಗಳು 39 ಕೋಟಿಗೂ ಮೇಲೆ. ಹೌರಾದಲ್ಲಿರುವ ನಮ್ಮ ಕೇಂದ್ರ ರಾಷ್ಟ್ರೀಯ ಹರ್ಬೇರಿಯಮ್ಮಿನಲ್ಲೇ ಇಪ್ಪತ್ತು ಲಕ್ಷದಷ್ಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹರ್ಬೇರಿಯಂ ಕರ್ನಾಟಕದ ಗಿಡಗಳ ಹಾಳೆಗಳನ್ನು ಯಾರು ಬೇಕಾದರೂ ನೋಡುವ ಹಾಗೆ ಅಂತರ್ಜಾಲಕ್ಕೆ ಹಾಕಿದೆ. ಇವೆಲ್ಲ ಗಿಡದ ಗುರುತು ಹಿಡಿಯುವುದಕ್ಕೆ ಮಾತ್ರ ಅಂದುಕೊಂಡಿದ್ದೆ. ಈಗ ಜನ ಇವುಗಳಿಂದ ಹವಾಮಾನ ಓದುತ್ತಾರೆ.

ಅಮೆರಿಕದ ಬೋಸ್ಟನ್ನಿನಲ್ಲಿ ಆರ್ನಾಲ್ಡ್ ಅರ್ಬೊರೇಟಂ ಅಂತ ಒಂದು ಮರಗಳ ತೋಟ ಇದೆ. ಅಲ್ಲಿನ ಜೀವಂತ ಮರಗಿಡಗಳು ಈಗ ಯಾವಾಗ ಹೂ ಬಿಡುತ್ತವೆ ಅಂತ ಬರೆದುಕೊಂಡು, ಅವೇ ಗಿಡಗಳಿಂದ ನೂರು ವರ್ಷ ಹಿಂದೆ ಕುಯ್ದು ಒಣಗಿಸಿದ ಹಾಳೆಗಳ ತಾರೀಕಿನ ಜೊತೆ ಹೋಲಿಸಿದರು. 2004ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 1900ರಿಂದ 1920ರ ನಡುವೆ ಇದ್ದದ್ದಕ್ಕಿಂತ 1980ರ ಈಚೆಗೆ ಹೂವು ಸರಾಸರಿ 8 ದಿನ ಮುಂಚೆ ಬರುತ್ತಿದೆ. ಎಂಟೇ ದಿನ. ಆ ಎಂಟು ದಿನವನ್ನು ಹಿಡಿಯುವುದಕ್ಕೆ ಅಷ್ಟು ಜನ ಕೂತು ಹಳೇ ಲೇಬಲ್ ಓದಿದ್ದಾರೆ.

ನಾನು ಗಾಂಧಿ ಬಜಾರಿನಲ್ಲಿ ಹೂ ಕೊಂಡದ್ದು ಸೆಪ್ಟೆಂಬರ್ ನಡುವಿಗೆ. ಲೇಬಲ್ಲಿನಲ್ಲಿ ಹಾಕಿದ್ದು ಆಗಸ್ಟ್ 4. ಒಂದೇ ಏಟಿಗೆ ನಲವತ್ತು ದಿನ ಹಿಂದಕ್ಕೆ ತಳ್ಳಿದ್ದೆ. ನಾಳೆ ಯಾರೋ ಒಬ್ಬ ಹುಡುಗಿ ಪಿಎಚ್‌ಡಿಗೆ ಮಲೆನಾಡಿನ ಗೌರಿ ಹೂವಿನ ತಾರೀಕು ಕಲೆಹಾಕಿ ಗೆರೆ ಎಳೆದರೆ, ಆ ಗೆರೆಯನ್ನು ಒಂದು ಕಡೆ ಹಿಡಿದು ಜಗ್ಗುವ ಚುಕ್ಕಿ ನನ್ನದು.

ಇದೇ ಹೊತ್ತಿಗೆ ಅಜ್ಜಿ ಹೇಳಿದ್ದು ಏನು ಅಂತ ಅರ್ಥವಾಗಿದ್ದು. ಗೌರಿ ಹಬ್ಬ ಚಂದ್ರನ ಲೆಕ್ಕದ್ದು, ಹಾಗಾಗಿ ಕದಲುತ್ತಿರುತ್ತದೆ. 2024ರಲ್ಲಿ ಸೆಪ್ಟೆಂಬರ್ 6ಕ್ಕೆ ಬಂದದ್ದು 2025ರಲ್ಲಿ ಆಗಸ್ಟ್ 26ಕ್ಕೇ ಬಂತು. ಮಳೆ ನಕ್ಷತ್ರ ಹಾಗಲ್ಲ, ಅದು ಸೂರ್ಯನ ಲೆಕ್ಕ. ಮಘೆ ಮಳೆ ಅಂದರೆ ಯಾವ ವರ್ಷವಾದರೂ ಆಗಸ್ಟ್ 17ರ ಸುಮಾರಿಗೆ ಹಿಡಿದು ತಿಂಗಳ ಕೊನೆಗೆ ಬಿಡುತ್ತದೆ, ಆಮೇಲೆ ಹುಬ್ಬೆ. ಅಜ್ಜಿ ಎರಡೂ ಲೆಕ್ಕವನ್ನು ಒಟ್ಟಿಗೆ ಇಟ್ಟುಕೊಂಡು ಮಾತಾಡಿದ್ದರು. ಅಧಿಕ ಆಷಾಢ ಬಂದ ವರ್ಷ, ಹಬ್ಬ ತಡ. ಹೂವು ಮಾತ್ರ ತನ್ನ ಮಳೆಗೇ ಬಂದಿದೆ. ಬಿಸಿಲಿನ ಬೇಲಿಯಲ್ಲಿ ಮುಗಿದಿದೆ, ನೆರಳಿನಲ್ಲಿ ಉಳಿದಿದೆ. ಊರು, ಆವಾಸ, ಹೂ ಬಿಡಲು ಶುರುವಾದ ಹದಿನಾಲ್ಕು ದಿನದ ಅಂದಾಜು, ಬಿಸಿಲು ನೆರಳಿನ ವ್ಯತ್ಯಾಸ. ಒಂದು ಲೇಬಲ್ಲಿಗೆ ಬೇಕಾದ್ದೆಲ್ಲ, ಬೇಕಾದ್ದಕ್ಕಿಂತ ಹೆಚ್ಚೇ, ಬಾಳೆನಾರು ಬಿಗಿಯುತ್ತ ಹೇಳಿ ಮುಗಿಸಿದ್ದರು. ಬರೆದುಕೊಳ್ಳಬೇಕಾದವನು ಚಿಲ್ಲರೆ ಎಣಿಸುತ್ತಿದ್ದ.

ಲೇಬಲ್ಲಿನ ಊರುಗಳು

ಬೇರೆಯವರ ಹಾಳೆಗಳನ್ನು ನೋಡುತ್ತ ಹೋದ ಹಾಗೆ ಈ ಸಣ್ಣ ಚೀಟಿಗಳ ಮೇಲೆ ನನಗೆ ಒಂದು ಥರ ಮೋಹ ಹುಟ್ಟಿತು. 1973ಕ್ಕೆ ಮುಂಚಿನವು ಮೈಸೂರು ರಾಜ್ಯದವು. ಶಿವಮೊಗ್ಗ ತೀರಾ ಈಚಿನವರೆಗೂ ಇಂಗ್ಲಿಷಿನಲ್ಲಿ ಶಿಮೊಗ. ತೀರ್ಥಹಳ್ಳಿಗೆ ಎಷ್ಟು ಸ್ಪೆಲಿಂಗೋ ಲೆಕ್ಕವಿಲ್ಲ. ಹೊಸನಗರದ ಹಳೇ ಹೆಸರು ಕಲ್ಲೂರುಕಟ್ಟೆ; ಅದು ಗೊತ್ತಿಲ್ಲದವನು ಹಳೇ ಚೀಟಿಯೊಂದನ್ನು ಹಿಡಿದು ಭೂಪಟದಲ್ಲಿ ಎಷ್ಟು ಹುಡುಕಿದರೂ ಅಷ್ಟೇ. ಶರಾವತಿ ಕಡೆಯ ಹಳೇ ಊರುಗಳದ್ದಂತೂ ಇನ್ನೂ ವಿಚಿತ್ರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಅಲ್ಲಿ ಕಾಗದದಲ್ಲಿ ಊರಿರುತ್ತದೆ, ಉಪಗ್ರಹದ ಚಿತ್ರದಲ್ಲಿ ನೀರಿರುತ್ತದೆ. ಮುಳುಗಿದ ಮನೆಗಳಿಗೆ ಪರಿಹಾರದ ಕಡತವಾದರೂ ಇತ್ತು. ಬೇಲಿಯ ಬಳ್ಳಿಗಳಿಗೆ ಯಾವ ಕಡತ? ಯಾರಾದರೂ ಒಂದು ಟೊಂಗೆ ಕುಯ್ದು ಒಣಗಿಸಿ ಊರಿನ ಹೆಸರು ಸರಿಯಾಗಿ ಬರೆದಿದ್ದರೆ ಅದೇ.

ಇನ್ನೊಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಗಿಡ ಸಂಗ್ರಹಿಸುವವರು ಎಲ್ಲಿ ರಸ್ತೆ ಇದೆಯೋ, ಎಲ್ಲಿ ರಾತ್ರಿ ತಂಗುವುದಕ್ಕೆ ಬಂಗಲೆ ಇದೆಯೋ ಅಲ್ಲಿ ಹೆಚ್ಚು ಸಂಗ್ರಹಿಸುತ್ತಾರೆ. ಆಗುಂಬೆ, ಜೋಗ, ಕೊಡಚಾದ್ರಿ ಹೀಗೆ ಹೆಸರಾದ ಜಾಗಗಳಿಗೇ ಹೋಗುತ್ತಾರೆ. ಮಂಡಗದ್ದೆಯ ಗದ್ದೆ ಬೇಲಿಗೆ ಯಾರು ಹೋಗುತ್ತಾರೆ? ಅಂಥ ಜಾಗದ್ದೊಂದು ಟೊಂಗೆ ತಾನಾಗಿ ಗಾಂಧಿ ಬಜಾರಿಗೆ ನಡೆದು ಬಂದಿತ್ತು. ಅದನ್ನು ನಾನು ಮೊದಲೇ ತುಂಬಿ ತುಳುಕುವ ಆಗುಂಬೆಗೆ ಸೇರಿಸಿಬಿಟ್ಟೆ.

ಹೇಳಿದವರ ಹೆಸರು

ನಮ್ಮ ಗೌರಿ ಹೂ ಮುದ್ರಣಕ್ಕೆ ಹೋದದ್ದು ನಿನ್ನೆ ಮೊನ್ನೆಯಲ್ಲ. ಡಚ್ಚರ ಕೊಚ್ಚಿಯಲ್ಲಿ ಕಮಾಂಡರ್ ಆಗಿದ್ದ ವಾನ್ ರೀಡ್ ಮಾಡಿಸಿದ ಹೋರ್ಟಸ್ ಮಲಬಾರಿಕಸ್ ಎಂಬ ಮಲಬಾರಿನ ಗಿಡಗಳ ಪುಸ್ತಕ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟವಾಗಿ ಅಚ್ಚಾಯಿತು. ಏಳನೇ ಸಂಪುಟದಲ್ಲಿ ಈ ಬಳ್ಳಿಯ ಚಿತ್ರವಿದೆ, ಮೇಂದೋಣಿ ಅನ್ನುವ ಮಲಯಾಳದ ಹೆಸರಿನಲ್ಲಿ. ಸಸ್ಯಶಾಸ್ತ್ರಜ್ಞ ಲಿನೇಯಸ್ ಗ್ಲೋರಿಯೋಸಾ ಸುಪರ್ಬಾ ಅಂತ ಹೆಸರಿಟ್ಟದ್ದು 1753ರಲ್ಲಿ. ಸುಪರ್ಬಾ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಭರ್ಜರಿ ಅಂತಲೂ ಅರ್ಥ, ಜಂಬದ್ದು ಅಂತಲೂ ಅರ್ಥವಂತೆ. ನಮ್ಮ ಸಂಸ್ಕೃತದವರು ಹೂ ಬಿಟ್ಟು ನೆಲ ಅಗೆದು ನೋಡಿದ್ದಾರೆ: ಗೆಡ್ಡೆ ನೇಗಿಲಿನ ಹಾಗೆ ಬಾಗಿರುವುದರಿಂದ ಲಾಂಗಲಿ. ಆ ಗೆಡ್ಡೆಯಲ್ಲೂ ಬೀಜದಲ್ಲೂ ಇರುವ ಕೊಲ್ಚಿಸಿನ್ ಗೌಟ್ ರೋಗಕ್ಕೆ ಔಷಧಿ, ಅಳತೆ ಮೀರಿದರೆ ಪ್ರಾಣಕ್ಕೇ ಸಂಚಕಾರ. ಬೀಜಕ್ಕೋಸ್ಕರ ತಮಿಳುನಾಡಿನಲ್ಲಿ ಇದನ್ನು ಹೊಲದಲ್ಲೇ ಬೆಳೆಯುತ್ತಾರೆ, ಅವರ ರಾಜ್ಯದ ಹೂವೂ ಇದೇ. ನಮ್ಮಲ್ಲಿ ಬೇಲಿಯದು, ಹಬ್ಬದ್ದು. ಅಷ್ಟೇ.

ಆದರೆ ಆ ಡಚ್ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೌರಿ ಹೂವಿನ ಚಿತ್ರ ಅಲ್ಲ. ಮೊದಲ ಸಂಪುಟದ ಆರಂಭದಲ್ಲೇ ಹೇಳಿಕೆಗಳನ್ನು ಅಚ್ಚು ಹಾಕಿದ್ದಾರೆ. ಗಿಡಗಳ ಗುಣ ಹೇಳಿಕೊಟ್ಟ ಇಟ್ಟಿ ಅಚ್ಯುತನ್ ಎಂಬ ವೈದ್ಯರದು ಒಂದು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರದು ಇನ್ನೊಂದು, ಅವರದೇ ಭಾಷೆಯಲ್ಲಿ, ನಾಗರಿ ಲಿಪಿಯಲ್ಲಿ. ನಾವು ಹೇಳಿದ್ದು ಇದು, ಇಂಥವರು ಹೇಳಿದ್ದು ಅಂತ ಸಹಿ ಹಾಕಿಸಿಕೊಂಡಿದ್ದಾರೆ. ಅವರಿಗೋಸ್ಕರ ಗುಡ್ಡ ಹತ್ತಿ ಗಿಡ ಕಿತ್ತ ಕೂಲಿಗಳ ಹೆಸರು ಅಲ್ಲೂ ಇಲ್ಲ, ಸರಿ. ಆದರೂ ಮುನ್ನೂರು ವರ್ಷ ಕಳೆದ ಮೇಲೆ ಬಂದ ನನ್ನ ಲೇಬಲ್ಲಿಗಿಂತ ಆ ಪುಟ ಎಷ್ಟೋ ಪ್ರಾಮಾಣಿಕ. ಹರ್ಬೇರಿಯಂ ಚೀಟಿಗಳಲ್ಲಿ 'ಸ್ಥಳೀಯ ಹೆಸರು' ಅಂತ ಒಂದು ಸಾಲಿರುತ್ತದೆ. ಕೆಲವು ಚೀಟಿಗಳಲ್ಲಿ ಅದನ್ನು ತುಂಬಿರುತ್ತಾರೆ. ಅಲ್ಲೊಂದು ಕನ್ನಡದ ಪದ ಇಂಗ್ಲಿಷ್ ಅಕ್ಷರದಲ್ಲಿ ವಕ್ರವಾಗಿ ಕೂತಿರುತ್ತದೆ. ಆ ಪದ ಗಿಡದಲ್ಲಿ ಬಿಡುವಂಥದ್ದಲ್ಲವಲ್ಲ. ಯಾರೋ ಬಾಯಿಬಿಟ್ಟು ಹೇಳಿದ್ದು. ದನ ಕಾಯುವವರೋ, ಗಾರ್ಡೋ, ಸೊಪ್ಪು ಹೊತ್ತು ಹೋಗುತ್ತಿದ್ದವರೋ.

ಕಪಾಟು

ಆಗಸ್ಟಿನಲ್ಲಿ ಒಂದು ಶನಿವಾರ ಕಾಲೇಜಿಗೆ ಹೋದೆ. ಮೇಡಂ ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಹಾಳೆಯನ್ನು ಎರಡೂ ಕೈಯಲ್ಲಿ, ಹಸುಗೂಸು ಹಿಡಿಯುವ ಹಾಗೆ ಹಿಡಿದು ತಂದು ಮೇಜಿನ ಮೇಲಿಟ್ಟರು. 42 ಸೆಂಟಿಮೀಟರ್ ಉದ್ದ, 28 ಅಗಲ. ಮೂಲೆ ಹುಳ ತಿಂದಿತ್ತು. ಒಂದು ಎಸಳು ಉದುರಿದ್ದನ್ನು ಯಾರೋ ಪುಣ್ಯಾತ್ಮರು ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ ಅಂಟಿಸಿದ್ದರು. ನಾನು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹೇಳಬೇಕಾದ್ದನ್ನು ಹೇಳಿದೆ.

ಅವರು ನಗಲೂ ಇಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. "ನಂಗೆ ಅನುಮಾನ ಇತ್ತು ಸರ್" ಅಂದರು. ಪೆನ್ಸಿಲ್ಲಿನ ಹಿಂಬದಿಯಿಂದ ಕಾಂಡದ ಕೆಳತುದಿ ತೋರಿಸಿದರು. ಕುಡುಗೋಲಿನಲ್ಲಿ ಓರೆಯಾಗಿ ಕುಯ್ದ ಗುರುತು. ಅದರಿಂದ ಎರಡು ಬೆರಳು ಮೇಲೆ ಬಳ್ಳಿಗೆ ಬಿಗಿದ ಒಂದು ಸಣ್ಣ ಗಂಟು, ಒಣಗಿ ದಾರದ ಹಾಗಾಗಿದೆ. ಮೊದಲು ನನಗೆ ಬಳ್ಳಿಯದೇ ಭಾಗ ಅನ್ನಿಸಿತು. ಭೂತಗನ್ನಡಿ ಕೊಟ್ಟರು. ಬಾಳೆನಾರು. ಅಜ್ಜಿಯ ಗಂಟು, ಒಂದು ಸುತ್ತು, ಒಂದು ತಿರುವು, ತುದಿ ಒಳಕ್ಕೆ ಸಿಕ್ಕಿಸಿದ್ದು. ಬಿಚ್ಚುವುದಕ್ಕೂ ಸೋಮಾರಿತನ ಪಟ್ಟು ನಾನು ಹಾಗೇ ಪ್ರೆಸ್ಸಿಗೆ ಹಾಕಿದ್ದೆ. ಬಳ್ಳಿಯ ಒಂದು ಎಲೆಯ ತುದಿ ಆ ನಾರನ್ನೇ ಹಿಡಿದು ಅರ್ಧ ಸುರುಳಿ ಸುತ್ತಿಕೊಂಡಿತ್ತು. ಕುಯ್ದ ಮೇಲೂ, ಬುಟ್ಟಿಯಲ್ಲಿ ಕೂತಾಗಲೂ, ಹಿಡಿದುಕೊಳ್ಳುವುದಕ್ಕೆ ಏನಾದರೂ ಸಿಗುತ್ತದೆಯೇ ಅಂತ ಹುಡುಕಿತ್ತೇನೋ.

"ಘಾಟಿ ತಿರುವಲ್ಲಿ ಹೂವಿಗೆ ಬಾಳೆನಾರು ಯಾರು ಕಟ್ತಾರೆ ಸರ್?"

ಹಾಳೆಯನ್ನು ತೆಗೆದು ಹಾಕಿಬಿಡಿ ಅಂದೆ. ಅವರು ತಲೆಯಾಡಿಸಿದರು. ಹಾಳೆ ಎಸೆಯುವ ಪದ್ಧತಿ ಇಲ್ಲವಂತೆ, ಹಳೇ ಲೇಬಲ್ಲನ್ನು ತಿದ್ದುವುದೂ ಇಲ್ಲ, ಗೀಚುವುದಂತೂ ಇಲ್ಲವೇ ಇಲ್ಲ. ತಪ್ಪು ತಪ್ಪಾಗೇ ಇರಬೇಕು. ಸರಿ ಯಾವುದು ಅಂತ ಪಕ್ಕದಲ್ಲಿ ಬೇರೆ ಚೀಟಿ ಅಂಟಿಸಿ, ಯಾರು ಯಾವಾಗ ಬರೆದದ್ದು ಅಂತ ಸಹಿ ಮಾಡಬೇಕು. "ಮಾರ್ಕೆಟ್ಟಲ್ಲಿ ಕೊಂಡಿದ್ದು ಅಂತ್ಲೇ ಬರ್ದಿದ್ರೂ ಏನೂ ತಪ್ಪಿರ್ಲಿಲ್ಲ ಸರ್. ಸಂತೆಯಿಂದ ತಂದ ಸ್ಯಾಂಪಲ್ಲೂ ಸ್ಯಾಂಪಲ್ಲೇ. ಜನ ಏನು ಮಾರ್ತಾರೆ, ಏನಕ್ಕೆ ಬಳಸ್ತಾರೆ ಅಂತ ಅದ್ರಲ್ಲೇ ಗೊತ್ತಾಗೋದು." ಈ ಮಾತು ಮಾತ್ರ ಸರಿಯಾಗಿ ತಾಗಿತು. ಬಯ್ದಿದ್ದರೆ ಇಷ್ಟು ತಾಗುತ್ತಿರಲಿಲ್ಲ.

ಚೀಟಿ ಬರೆಯಲು ಕೂತೆ. ಸ್ಥಳ: ಶಿವಮೊಗ್ಗ, ಗಾಂಧಿ ಬಜಾರಿನಲ್ಲಿ ಕೊಂಡದ್ದು, ಮಾರಿದವರ ಪ್ರಕಾರ ಮಂಡಗದ್ದೆ ಕಡೆಯ ಗದ್ದೆ ಬೇಲಿ, ನೆರಳು. ತಾರೀಕು: ಗೌರಿ ಹಬ್ಬದ ಹಿಂದಿನ ದಿನ, 1996. ಮೇಡಂ ಫೋನಿನಲ್ಲಿ ಪಂಚಾಂಗ ತೆಗೆದು ಹುಡುಕತೊಡಗಿದರು. ಹೂ ಬಿಡುವ ಕಾಲ: ಮಘೆ ಮಳೆಯಿಂದ. ಸ್ಥಳೀಯ ಹೆಸರು: ಗೌರಿ ಹೂ. ಟಿಪ್ಪಣಿ: ಗೆಡ್ಡೆ ಕೀಳಲು ಮಾರಿದವರು ಒಪ್ಪಲಿಲ್ಲ.

"ಕಲೆಕ್ಟರ್ ಕಾಲಂ ಸರ್?" ಅಂದರು. "ಅದು ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳಲ್ಲ. ನಿಮ್ಮ ಹೆಸರೇ ಹಾಕ್ಲಾ?"

ಕುಯ್ದದ್ದು ನಾನಲ್ಲವಲ್ಲ. ಸ್ವಲ್ಪ ಹೊತ್ತು ಪೆನ್ನು ಹಿಡಿದು ಕೂತಿದ್ದು ಬರೆದೆ: ಮಂಡಗದ್ದೆ ಕಡೆಯ ಹೂವಿನಜ್ಜಿ, ಹೆಸರು ಕೇಳಿಲ್ಲ. ಮೇಡಂ ಅದನ್ನು ಓದಿ, ಏನೂ ಹೇಳದೆ ಹಾಗೇ ಟೈಪು ಮಾಡಿದರು. ಆಮೇಲೆ ಮೈದಾ ಅಂಟಿನ ಡಬ್ಬಿ ತೆಗೆದರು. ಹುಳ ಬೀಳದಿರಲಿ ಅಂತ ಮೈಲುತುತ್ತ ಬೆರೆಸಿ ನೀಲಿ ತಿರುಗಿದ ಅಂಟು. ತೋಟದಲ್ಲಿ ಕೊಳೆರೋಗಕ್ಕೆ ಹೊಡೆಯುವ ಅದೇ ಮೈಲುತುತ್ತ. ಚೀಟಿಯನ್ನು ಹಳೇ ಲೇಬಲ್ಲಿನ ಮೇಲ್ಗಡೆ, ಅದನ್ನು ಮುಚ್ಚದ ಹಾಗೆ ಕೂರಿಸಿ, ಮೇಲೊಂದು ಪೇಪರ್ ಹಾಕಿ, ಅದರ ಮೇಲೆ ಇಟ್ಟಿಗೆ ಇಟ್ಟರು.

"ಮಳೆಗಾಲ ಅಲ್ವಾ ಸರ್, ಒಣಗಕ್ಕೆ ಎರಡು ದಿನ ಬೇಕು" ಅಂದರು.